ನಾಲ್ಕು ಬೆರಳು ಮೊದಲೇ ಬಿದ್ದ ಕೋಡಿ

ಕಳೆದ ತಿಂಗಳು ನಾನು ನಮ್ಮೂರ ಕೆರೆಯನ್ನು ಕೋಡಿ ಬೀಳಿಸಿದೆ. ಮಳೆಯ ಸಹಾಯವಿಲ್ಲದೆ. ಮೊಬೈಲಿನಲ್ಲಿ.

ನಗುವವರು ಈಗಲೇ ನಕ್ಕುಬಿಡಿ, ನಾನು ಕಾಯುತ್ತೇನೆ. ವಾರವಾರವೂ ಪತ್ರಿಕೆಯ ಈ ಜಾಗದಲ್ಲಿ ಕೂತು ಊರವರ ಕಾಲೆಳೆಯುತ್ತೇನೆ ಅಂತ ನನ್ನ ಮೇಲೆ ಆರೋಪವಿದೆ. (ಆರೋಪ ನಿಜ.) ಈ ವಾರ ಎಳೆಯುವುದಕ್ಕೆ ನನ್ನ ಕಾಲೇ ಸಿಕ್ಕಿದೆ.

ಕೆರೆ ನೋಡದೆ ಬೆಳೆದ ಓದುಗರಿಗಾಗಿ ಮೊದಲು ಒಂದಿಷ್ಟು ವಿವರ. ಕೆರೆ ತುಂಬುವುದು ಬೇರೆ, ಕೋಡಿ ಬೀಳುವುದು ಬೇರೆ. ತುಂಬಿದ ಮೇಲೂ ನೀರು ಬರುತ್ತಲೇ ಇದ್ದು, ಏರಿಯ ಪಕ್ಕದಲ್ಲಿ ಕಟ್ಟಿದ ಕಲ್ಲಿನ ಅಂಚನ್ನು ದಾಟಿ ಆಚೆಗೆ ಧುಮುಕುತ್ತದಲ್ಲ, ಅದು ಕೋಡಿ. ನಮ್ಮೂರಿಗೆ ಅದು ಪ್ರತಿವರ್ಷದ ಭಾಗ್ಯವಲ್ಲ. ಬಿದ್ದ ವರ್ಷ ಮಾತ್ರ ಯಾರೂ ಮನೆಯಲ್ಲಿ ಇರುವುದಿಲ್ಲ. ಹಿರಿಯರಿಗೆ ಎಡೆಯಿಡುವ ಮಾರಲಾಮಿ ಹಬ್ಬ ಹತ್ತಿರ ಬಂತೆಂದು ಹೆಂಗಸರು ಇಡೀ ಮನೆಯ ಕಂಬಳಿ, ಜಮಖಾನ, ರಗ್ಗುಗಳನ್ನು ಹೊತ್ತುಕೊಂಡು ಹೋಗಿ ಕೋಡಿಯ ನೀರಿನಲ್ಲಿ ಕುಕ್ಕಿ ಕುಕ್ಕಿ ಒಗೆಯುತ್ತಾರೆ. ಗಂಡಸರು ನೀರಿನ ಜೊತೆ ಆಚೆಗೆ ಬೀಳುವ ಮೀನು ಹಿಡಿಯುತ್ತಾರೆ. ರಾತ್ರಿ ಬೀದಿಗೆ ಬೀದಿಯೇ ಮೀನು ಸಾರು, ಮುದ್ದೆ. ಒಗೆದ ಕಂಬಳಿಗಳು ಬೇಲಿಯ ಮೇಲೆ ಮೂರು ದಿನ ಒಣಗುತ್ತವೆ. ಯಾರ ಮನೆಯ ಕಂಬಳಿಯಲ್ಲಿ ಎಷ್ಟು ತೂತು ಅನ್ನುವುದು ಊರಿಗೆಲ್ಲ ಗೊತ್ತಾಗುವುದೂ ಆಗಲೇ.

ಇನ್ನು ಬೀಚ್ ವಿಷಯ. ಗಾಬರಿಯಾಗಬೇಡಿ, ನಮ್ಮೂರು ಮಾಗಡಿ ತಾಲ್ಲೂಕಿನಲ್ಲೇ ಇದೆ. ಕುದೂರಿನಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ದೇವರು ನಮ್ಮ ಕಡೆಯವರಿಗೆ ಕೊಡುವಾಗ ಧಾರಾಳವಾಗಿಯೇ ಕೊಟ್ಟಿದ್ದಾನೆ. ರಾಮನಗರಕ್ಕೆ ಬಂಡೆ ಕೊಟ್ಟ, ಚನ್ನಪಟ್ಟಣಕ್ಕೆ ಗೊಂಬೆ ಕೊಟ್ಟ, ಕನಕಪುರಕ್ಕೆ ಕಾಡು ಕೊಟ್ಟ, ಕೇಳದೇ ಇದ್ದರೂ ಆನೆಯನ್ನೂ ಕೊಟ್ಟ. ಸಮುದ್ರ ಕೊಡುವುದು ಮಾತ್ರ ಮರೆತ. ಆ ಕೊರತೆಯನ್ನು ನಮ್ಮವರೇ ನೀಗಿಸಿದರು. ಏರಿಯ ಮೇಲೆ ನಾಲ್ಕು ಸಿಮೆಂಟ್ ಬೆಂಚು ಹಾಕಿಸಿ, ಒಂದು ತಗಡಿನ ಮೇಲೆ ನೀಲಿ ಅಲೆಯನ್ನೂ ತೆಂಗಿನಮರವನ್ನೂ ಬರೆಸಿ ನಿಲ್ಲಿಸಿದರು. (ತಗಡಿನ ಹಿಂದೆಯೇ ನಿಜವಾದ ತೆಂಗಿನತೋಟವಿದೆ. ಅದು ಈಗ ಕಾಣುವುದಿಲ್ಲ.) ಅವತ್ತಿನಿಂದ ಅದು ಬೀಚ್. ‘ಬೀಚ್ ಕಡೀಕ್ ಹೋಗ್ಬುಟ್ ಬತ್ತೀನಿ’ ಅಂತ ಎಮ್ಮೆ ಹೊಡೆದುಕೊಂಡು ಹೋಗುವ ಮುದುಕರೂ ಹೇಳುತ್ತಾರೆ.

ನಮ್ಮ ಆಸ್ಪತ್ರೆಯ ನರ್ಸಮ್ಮ ಉಡುಪಿ ಕಡೆಯವರು. ಬಂದ ಹೊಸತರಲ್ಲಿ ಅವರನ್ನು ಕರೆದುಕೊಂಡು ಹೋಗಿ ನಮ್ಮ ಬೀಚನ್ನು ಹೆಮ್ಮೆಯಿಂದ ತೋರಿಸಿದ್ದೆ. ಬೆಂಚಿನ ಮೇಲೆ ಕೂತು ನೋಡಿ, “ಚಂದ ಉಂಟು ಮಾರಾಯ್ರೆ. ಆಚೆ ದಡ ಕಾಣ್ತದಲ್ಲ, ಅದೊಂದು ಅನುಕೂಲ” ಅಂದಿದ್ದರು. ಆಮೇಲೆ ಅವರನ್ನು ಕರೆದುಕೊಂಡು ಹೋಗಿಲ್ಲ.

ಈಗ ಈ ಕಥೆಯ ಮುಖ್ಯ ಮನುಷ್ಯನ ಪರಿಚಯ. ಹೆಸರು ಮರಿಯಣ್ಣ. ಎಪ್ಪತ್ತು ದಾಟಿದೆ. ನಮ್ಮ ಕೆರೆಯ ನೀರುಗಂಟಿ. ಅಂದರೆ ಕೆರೆಯ ತೂಬು ತೆಗೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ನೀರು ಅಂತ ಹಂಚುವವನು. ಅವನ ಅಪ್ಪ, ತಾತ ಎಲ್ಲರೂ ಅದೇ ಮಾಡಿದವರು. ಈಗ ಗದ್ದೆಗಳು ಬೋರ್‌ವೆಲ್ ನೀರು ಕುಡಿಯುತ್ತವೆ, ತೂಬು ತುಕ್ಕು ಹಿಡಿದು ಕೂತಿದೆ. ಹಂಚುವ ಕೆಲಸ ಎಂದೋ ಹೋಯಿತು. ಅವನಿಗೆ ಉಳಿದಿರುವುದು ಒಂದೇ ಹಕ್ಕು. ಕೋಡಿ ಬಿತ್ತು ಅಂತ ಊರಿಗೆ ಹೇಳುವುದು.

ಅದಕ್ಕೊಂದು ಕ್ರಮವಿದೆ. ಕೋಡಿಯ ಅಂಚಿನ ಒಂದು ಕಲ್ಲಿನಲ್ಲಿ, ಆಚೆ ಬದಿಗೆ, ಸಣ್ಣ ಗುಳಿಯಿದೆ. ಕೆರೆ ತುಂಬುತ್ತಾ ಬಂದಾಗ ಮರಿಯಣ್ಣ ದಿನಾ ಬೆಳಿಗ್ಗೆ ಒಂದು ಹೊಂಗೆ ಎಲೆಗೆ ಅರಿಶಿನ ಸವರಿ ಅದರಲ್ಲಿಟ್ಟು ಬರುತ್ತಾನೆ. ಗಾಳಿಯ ಅಲೆ ಅಲ್ಲಿಗೆ ಮುಟ್ಟುವುದಿಲ್ಲ. ನೀರು ತಾನಾಗಿ ಅಂಚು ದಾಟಿ ಹರಿದು ಆ ಎಲೆಯನ್ನು ಕೊಂಡೊಯ್ದ ದಿನ ಅವನು ಒದ್ದೆ ಪಂಚೆಯಲ್ಲೇ ಊರಿಗೆ ಬಂದು, ಒಂದೊಂದೇ ಮನೆಯ ಮುಂದೆ ನಿಂತು “ಕೋಡಿ ಬಿತ್ತು ಕಣ್ರವ್ವಾ” ಅನ್ನುತ್ತಾನೆ. ಮನೆಯವರು ಎಲೆಅಡಿಕೆ, ಒಂದು ಸೇರು ರಾಗಿ ಕೊಟ್ಟು ಕಳಿಸುತ್ತಾರೆ. ಅವನು ಆ ಮಾತು ಆಡುವ ತನಕ ಯಾರೂ ಕಂಬಳಿ ಅದ್ದುವುದಿಲ್ಲ, ಯಾರೂ ಬಲೆ ಹಾಕುವುದಿಲ್ಲ. ನಾನು ಹುಟ್ಟುವ ಮೊದಲಿನಿಂದಲೂ ಹಾಗೇ.

ಅಂಥಾ ಊರಿನಲ್ಲಿ, ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯ ಹೆಂಗಸೊಬ್ಬಳು (ನಾನೇ) ಒಂದು ಸಂಜೆ ಬೇಗ ಶಟರ್ ಎಳೆದು ವಾಕಿಂಗ್ ಹೋದಳು. ಜೋರು ಗಾಳಿಯಿತ್ತು. ಕೋಡಿಯ ಹತ್ತಿರ ನಿಂತಿದ್ದಾಗ ಒಂದು ಅಲೆ ಬಂದು ಅಂಚಿಗೆ ಬಡಿದು, ಹಾರಿ, ನನ್ನ ಕಾಲನ್ನು ಒದ್ದೆ ಮಾಡಿತು. ಹಿಂದೆಯೇ ಇನ್ನೊಂದು. ಫೋನ್ ತೆಗೆದೆ. ಹನ್ನೊಂದು ಸೆಕೆಂಡ್ ವಿಡಿಯೋ. ನಿಂತಲ್ಲೇ ಸ್ಟೇಟಸ್ ಹಾಕಿದೆ: ‘ಕೋಡಿ ಬಿತ್ತು!!! ನಮ್ಮೂರ ಬೀಚ್ ಓಪನ್!!!’

ಆರು ಆಶ್ಚರ್ಯಸೂಚಕ ಚಿಹ್ನೆ. ಒಂದನ್ನಾದರೂ ಪ್ರಶ್ನಾರ್ಥಕ ಮಾಡಬಾರದಿತ್ತೇ?

ಯಾಕೆ ಹಾಕಿದೆ ಅಂತ ಆಮೇಲೆ ನನ್ನನ್ನೇ ಬಹಳ ಸಲ ಕೇಳಿಕೊಂಡಿದ್ದೇನೆ. ಮೊದಲು ಹೇಳುವ ಚಪಲ, ಇನ್ನೇನು? ಊರಿನ ದೊಡ್ಡ ಸುದ್ದಿ ನನ್ನ ಹೆಬ್ಬೆರಳಿನ ಕೆಳಗಿತ್ತು. ಬಗ್ಗಿ ನೋಡುವಷ್ಟು ಪುರುಸೊತ್ತು ನನಗಿರಲಿಲ್ಲ. ನೋಡಿದ್ದರೆ ಕಲ್ಲಿನ ಅಂಚಿಗೂ ನೀರಿಗೂ ಇನ್ನೂ ನಾಲ್ಕು ಬೆರಳು ಬಾಕಿಯಿರುವುದು ಕಾಣುತ್ತಿತ್ತು.

ಮನೆಗೆ ಬಂದು ಕಾಫಿಗೆ ಹಾಲು ಉಕ್ಕುವಷ್ಟರಲ್ಲಿ ನನ್ನ ಕೋಡಿ ಮಾಗಡಿ ದಾಟಿತ್ತು. ಬೆಳಗಾಗುವಷ್ಟರಲ್ಲಿ ಅದಕ್ಕೊಂದು ಹಾಡು ಸೇರಿಕೊಂಡಿತ್ತು, ಯಾವುದೋ ಊರಿನ ಜಲಪಾತವೂ ಅಂಟಿಕೊಂಡಿತ್ತು. ಚನ್ನಪಟ್ಟಣದ ಚಿಕ್ಕಮ್ಮ ಫೋನ್ ಮಾಡಿ, “ನಿಮ್ಮೂರ ಕೋಡಿ ನೋಡ್ದೆ ಕಣೇ, ಎಂಥಾ ಎತ್ತರದಿಂದ ಬೀಳ್ತೈತೆ!” ಅಂದರು. ನಮ್ಮ ಕೋಡಿಯ ಎತ್ತರ ನನ್ನ ಸೊಂಟದಷ್ಟು.

ಬೆಳಿಗ್ಗೆ ಅಂಗಡಿ ತೆಗೆಯುವಾಗ ಮರಿಯಣ್ಣ ಮೆಟ್ಟಿಲ ಮೇಲೆ ಕೂತಿದ್ದ.

“ಏನವ್ವ, ಕೋಡಿ ಬೀಳಿಸ್ಬುಟ್ಯಂತೆ?”

“ಗಾಳಿಗೆ ಅಲೆ ಬಂತು ಮರಿಯಣ್ಣ. ಬಿತ್ತು ಅಂತಲೇ ತಿಳ್ಕೊಂಡೆ.”

“ನಾಕು ಬೆಳ್ಳು ಐತೆ ಇನ್ನೂವೆ.” ನನ್ನ ಕೌಂಟರಿನ ಗಾಜಿನ ಮೇಲೆ ನಾಲ್ಕು ಬೆರಳನ್ನು ಅಡ್ಡಲಾಗಿ ಇಟ್ಟು ತೋರಿಸಿದ.

“ಡಿಲೀಟ್ ಮಾಡಿದೀನಿ ಬಿಡು.”

“ಹಂಗಂದ್ರೆ?”

“ಅಳಿಸಿ ಹಾಕಿದೆ.”

“ನಿನ್ ಫೋನಲ್ಲಿ ಅಳಿಸ್ದೆ. ನೋಡಿದೋರ ತಲೇಲಿ ಐತಲ್ಲ?”

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನೂ ಎರಡು ಮಾತು ತಿರುಗಿ ಅಂದು ಹಗುರಾಗುತ್ತಿದ್ದೆ. ಗಾಜಿನ ಮೇಲಿನ ಬೆರಳು ತೆಗೆಯದೆ ಹೇಳಿದ: “ನನ್ ತಾವ ಉಳ್ದಿದ್ದು ಅದೊಂದೇ ಮಾತು ಕಣವ್ವ. ಅದ್ನೂ ನೀನೇ ಆಡ್ಬುಟ್ಟೆ.”

ಕೋಡಿ ಬಿದ್ದಿಲ್ಲ, ನಾನು ಹೇಳಿದ್ದು ಸುಳ್ಳು ಅಂತ ಇವತ್ತೇ ಸ್ಟೇಟಸ್ ಹಾಕುತ್ತೇನೆ ಅಂತ ಮಾತು ಕೊಟ್ಟೆ. ಸರಿ ಅಂತ ತಲೆಯಾಡಿಸಿ ಎದ್ದು ಹೋದ.

ಹಾಕಿದೆನೇ? ಟೈಪ್ ಮಾಡಿದೆ. ಕಳಿಸುವ ಮುನ್ನ ಲೋಕೇಶ ಬಂದ.

ಲೋಕೇಶ ನಮ್ಮ ವಾರ್ಡಿನ ಮೆಂಬರು. ಬಿಳಿ ಅಂಗಿ, ಎರಡು ಫೋನು. ಎರಡರಲ್ಲೂ ನನ್ನ ವಿಡಿಯೋ.

“ಅಕ್ಕಾ, ಸೂಪರ್ ವಿಡಿಯೋ! ಸಾಹೇಬ್ರು ನೋಡಿದ್ರು. ಮಂಗಳವಾರ ಬಾಗಿನ ಬಿಡಕ್ಕೆ ಬತ್ತಾವ್ರೆ. ಫ್ಲೆಕ್ಸ್ ಮ್ಯಾಟ್ರು ರೆಡಿ ಮಾಡ್ಕೊಡು.”

“ಕೋಡಿ ಬಿದ್ದಿಲ್ಲ ಲೋಕೇಶ. ನಾನೇ ತಪ್ಪಾಗಿ ಹಾಕಿದ್ದು.”

“ಮಂಗಳವಾರದೊಳಗೆ ಬೀಳ್ತದೆ ಬುಡಕ್ಕ. ಸಾಹೇಬ್ರ ಡೇಟ್ ಸಿಗೋದು ಕಷ್ಟ. ಮಳೇದೇನು, ಯಾವಾಗ್ ಬೇಕಾದ್ರೂ ಬತ್ತದೆ.”

(ಯಾವ ಸಾಹೇಬರು ಅಂತ ಕೇಳಬೇಡಿ. ಬಾಗಿನ ಬಿಡಲು ಬರುವವರೆಲ್ಲ ಸಾಹೇಬರೇ.)

ನಾನು ಫ್ಲೆಕ್ಸ್ ಮಾಡಿಕೊಟ್ಟೆ. ‘ಭರ್ತಿಯಾಗಿ ಕೋಡಿ ಬಿದ್ದ ನಮ್ಮೂರ ಕೆರೆಗೆ ಬಾಗಿನ’ ಅಂತ ದಪ್ಪಕ್ಷರ. ಮಧ್ಯೆ ಸಾಹೇಬರ ಮುಖ, ಸುತ್ತ ಹದಿನಾಲ್ಕು ಬೆಂಬಲಿಗರ ಮುಖ, ಅವರ ಕಾಲ ಬಳಿ ಒಂದು ಗೇಣು ಕೆರೆ. ತಪ್ಪೂ ನನ್ನದು, ಅದರ ಪ್ರಿಂಟೂ ನನ್ನದು. ಟೈಪ್ ಮಾಡಿಟ್ಟ ಆ ನಾಲ್ಕು ಸಾಲಿನ ಕ್ಷಮಾಪಣೆ ಫೋನಿನಲ್ಲೇ ಉಳಿಯಿತು. ಸಂಜೆ ಹಾಕೋಣ ಅಂದುಕೊಂಡೆ. ಎಷ್ಟು ಸಂಜೆಗಳು ಅಂತ ಕೇಳಬೇಡಿ.

ಭಾನುವಾರ ಜಾತ್ರೆಗಿಂತ ಹೆಚ್ಚು ಜನ. ರಾಮನಗರದಿಂದ ಬೈಕು, ಬೆಂಗಳೂರಿನಿಂದ ಕಾರು, ತಲೆಯ ಮೇಲೆ ಡ್ರೋನು. “ಫಾಲ್ಸ್ ಎಲ್ಲಿ?” ಅಂತ ಎಲ್ಲರಿಗೂ ಒಂದೇ ಪ್ರಶ್ನೆ. ಬಂದವರು ನಿಂತ ನೀರಿಗೆ ಬೆನ್ನು ಮಾಡಿ ಫೋಟೋ ತೆಗೆಸಿಕೊಂಡು, ಸುಟ್ಟ ಜೋಳ ತಿಂದು, ಬಾಟಲಿ ಅಲ್ಲೇ ಬಿಟ್ಟು ಹೋದರು. ರೇಷ್ಮೆ ನೂಲು ತೆಗೆಯುವ ನಮ್ಮೂರಿನ ಅಮ್ಜದ್ ಕೋಡಿ ಬಿದ್ದ ವರ್ಷಗಳಲ್ಲಿ ಮಾತ್ರ ಏರಿಯ ಮೇಲೆ ಮೀನು ಗಾಡಿ ಹಾಕುತ್ತಾನೆ. ಈ ಸಲ ಅವನ ಬೋರ್ಡು ‘ಸ್ಪೆಷಲ್ ಕೋಡಿ ಮೀನ್ ಫ್ರೈ’. ಬಗ್ಗಿ ನೋಡಿದೆ. ಬಾಣಲೆಯಲ್ಲಿ ಬಂಗುಡೆ. ಸಮುದ್ರದ ಮೀನು, ಐಸ್ ಬಾಕ್ಸಿನಲ್ಲಿ ಘಟ್ಟ ಹತ್ತಿ ಬಂದದ್ದು.

“ನಮ್ಮ ಕೆರೇಲಿ ಬಂಗುಡೆ ಯಾವಾಗಿಂದ ಅಮ್ಜದ್?”

“ಬೀಚ್ ಓಪನ್ ಅಂತ ನೀವೇ ಹಾಕಿದ್ದಲ್ವಾ ಅಕ್ಕಾ? ಬೀಚಲ್ಲಿ ಬಂಗುಡೆ ಸಿಗ್ದೆ ಕೆರೆ ಜಿಲೇಬಿ ಮೀನು ಸಿಗ್ತದಾ?”

ಸುಮ್ಮನೆ ಒಂದು ಪ್ಲೇಟ್ ತಿಂದೆ. ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಮಂಗಳವಾರ ಬಂತು. ಮಳೆ ಬರಲಿಲ್ಲ. ಬಿಸಿಲಿಗೆ ನಾಲ್ಕು ಬೆರಳು ಐದಾಗಿತ್ತು. ಲೋಕೇಶ ತಲೆ ಓಡಿಸಿದ. ಲಂಟಾನ ಪೊದೆಯ ಹಿಂದೆ ಒಂದು ಡೀಸೆಲ್ ಎಂಜಿನ್ ಇಡಿಸಿ, ಕೆರೆಯಿಂದ ಒಂದು ಪೈಪ್ ಎಳೆದು, ಅದರ ಇನ್ನೊಂದು ಬಾಯಿಯನ್ನು ಕೋಡಿಯ ಅಂಚಿನ ಮೇಲಿಟ್ಟ. ಕ್ಯಾಮೆರಾ ನಿಲ್ಲುವ ಜಾಗಕ್ಕೆ ಸರಿಯಾಗಿ. ನೀರು ಅಂಚಿನಿಂದ ಆಚೆಗೆ ಸುರಿಯತೊಡಗಿತು. ಅಲ್ಲಿಂದ ಮೂವತ್ತು ಅಡಿ ದೂರದಲ್ಲಿ, ಗುಳಿಯಲ್ಲಿ, ಮರಿಯಣ್ಣನ ಅರಿಶಿನದ ಎಲೆ ಒಣಗಿಕೊಂಡು ಕೂತಿತ್ತು.

ಮರಿಯಣ್ಣ ಪೈಪನ್ನೂ ಲೋಕೇಶನನ್ನೂ ನೋಡಿದ. “ಏನ್ಲಾ, ಕೆರೆ ನೀರ್ನೇ ಎತ್ತಿ ಆಚೀಕ್ ಸುರುದ್ರೆ ಕೆರೆ ಏರ್ತದಾ, ಇಳೀತದಾ?”

“ಅರ್ಧ ಗಂಟೆ ಕಣಣ್ಣ. ಫೋಟೋ ಆಗೋಗಂಟ.”

ಸಾಹೇಬರು ಬಂದರು. ಪಟಾಕಿ, ಹಾರ, ಶಾಲು. ಭಾಷಣದಲ್ಲಿ ಕೆರೆ ತುಂಬಿದ್ದು ಯಾರ ಕಾಲಗುಣದಿಂದ ಅನ್ನುವುದು ಗೊತ್ತಾಯಿತು. ಬಾಗಿನದ ಮೊರ ಕೈಗೆ ಬಂದಾಗ ಊರಿನ ಹಿರಿಯರೊಬ್ಬರು, ನೀರುಗಂಟಿ ಹೇಳದೆ ಬಾಗಿನ ಬಿಡುವ ಪದ್ಧತಿಯಿಲ್ಲ ಅಂದರು. ಲೋಕೇಶ ಮೈಕನ್ನು ಮರಿಯಣ್ಣನ ಬಾಯಿಗೆ ಹಿಡಿದ. “ಹೇಳಣ್ಣ. ಎಲ್ಡೇ ಮಾತು.”

ಮರಿಯಣ್ಣ ಗುಳಿಯ ಕಡೆ ತಿರುಗಿ ನೋಡಿದ. ಪೊದೆಯ ಹಿಂದಿನಿಂದ ಎಂಜಿನ್ನಿನ ಟಕಟಕ ಎಲ್ಲರಿಗೂ ಕೇಳುತ್ತಿತ್ತು, ಯಾರಿಗೂ ಕೇಳುತ್ತಿರಲಿಲ್ಲ.

“ಇನ್ನೂ ಐದು ಬೆಳ್ಳು ಐತೆ ಸ್ವಾಮಿ” ಅಂದ ಮರಿಯಣ್ಣ. ಮೈಕಿನಲ್ಲಿ. ಊರಿಗೆಲ್ಲ ಕೇಳುವಂತೆ.

ಸಾಹೇಬರ ಮುಖದ ನಗು ಅಲ್ಲೇ ನಿಂತಿತು. ಲೋಕೇಶ ಮೈಕ್ ಕಿತ್ತುಕೊಂಡು, “ವಯಸ್ಸಾಗೈತೆ ಸಾರ್, ಕಣ್ಣು ಮಂಜು. ನೋಡಿ, ವಿಡಿಯೋ ಹಾಕಿದ ಅಕ್ಕ ಇಲ್ಲೇ ಅವ್ರೆ” ಅಂತ ನನ್ನನ್ನು ಮುಂದಕ್ಕೆ ತಳ್ಳಿದ.

“ಏನಮ್ಮ, ನೀವೇ ಕಣ್ಣಾರೆ ನೋಡಿದ್ದಲ್ವಾ? ಬಿದ್ದಿತ್ತಲ್ವಾ?” ಅಂದರು ಸಾಹೇಬರು.

ಮರಿಯಣ್ಣ ನನ್ನನ್ನೇ ನೋಡುತ್ತಿದ್ದ. ಒಂದೇ ಮಾತು ಸಾಕಿತ್ತು. ಇಲ್ಲ ಸಾರ್ ಅಂದಿದ್ದರೆ ಮುಗಿಯುತ್ತಿತ್ತು. ವಾರವಾರ ಇಲ್ಲಿ ಎಲ್ಲರಿಗೂ ಬುದ್ಧಿ ಹೇಳುವ ನನ್ನ ಬಾಯಿಂದ ಹೊರಟಿದ್ದು ಇದು: “ಆವತ್ತು ಗಾಳಿ ಇತ್ತು ಸಾರ್.”

“ಗಾಳಿ ಇರ್ಲಿ ಬಿಡಿ. ನೀರು ಆಚೆ ಬಿತ್ತೋ ಇಲ್ವೋ?”

“ಒಂದ್ಸಲ... ಬಿದ್ದಂಗಿತ್ತು ಸಾರ್.”

“ಅಷ್ಟು ಸಾಕು!” ಚಪ್ಪಾಳೆ. ಬಾಗಿನ ನೀರಿಗಿಳಿಯಿತು. ಗಾಳಿ ಎದುರಾಗಿದ್ದರಿಂದ ಮೊರ ತೇಲುತ್ತಾ ಸಾಹೇಬರ ಕಾಲ ಬಳಿಗೇ ವಾಪಸ್ ಬಂತು. ಲೋಕೇಶ ಕೋಲಿನಿಂದ ತಳ್ಳಿದ. ಮತ್ತೆ ಬಂತು. ಮೂರನೇ ಸಲಕ್ಕೆ ಫೋಟೋಗ್ರಾಫರ್ ಆಯ್ತು ಸಾರ್ ಅಂದ, ಕಾರುಗಳು ಹೊರಟವು, ಎಂಜಿನ್ ನಿಂತಿತು, ಅದರ ಜೊತೆಗೆ ಕೋಡಿಯೂ ನಿಂತಿತು. ಮರಿಯಣ್ಣ ಯಾವಾಗ ಹೋದನೋ ಗೊತ್ತಿಲ್ಲ. ನಾನು ತಲೆಯೆತ್ತಿ ಹುಡುಕಲೂ ಇಲ್ಲ. ನಾಚಿಕೆಯಾಗಿತ್ತು. ಇವತ್ತಿಗೂ ಆಗುತ್ತದೆ.

ಮುಂದಿನ ವಾರ, ನಮ್ಮ ಕೆರೆಗೆ ನೀರು ಹರಿದು ಬರುವ ಸೋಲೂರು ಕಡೆ ಎರಡು ದಿನ ಬಿಡದೆ ಮಳೆ ಹೊಯ್ದಿತು. ಗುರುವಾರ ಬೆಳಿಗ್ಗೆ, ಒಂದು ನರಪಿಳ್ಳೆಯೂ ಇಲ್ಲದ ಹೊತ್ತಿನಲ್ಲಿ, ನಮ್ಮ ಕೆರೆ ತಾನಾಗಿ ಕೋಡಿ ಬಿತ್ತು.

ಮರಿಯಣ್ಣ ಒದ್ದೆ ಪಂಚೆಯಲ್ಲಿ ಊರಿಗೆ ಬಂದ. ನಾನು ಅಂಗಡಿಯಲ್ಲಿ ಕೂತು ನೋಡುತ್ತಿದ್ದೆ. ಮೊದಲ ಮನೆಯ ಮುಂದೆ ನಿಂತು ಕೂಗಿದ. “ಕೋಡಿ ಬಿತ್ತು ಕಣ್ರವ್ವಾ.”

ಒಳಗಿನಿಂದ ಉತ್ತರ ಬಂತು. “ಹೋದ್ ವಾರಾನೇ ಬಿತ್ತಲ್ಲಣ್ಣ? ಸಾಹೇಬ್ರು ಬಂದಿದ್ರಲ್ಲ?”

ಎರಡನೇ ಮನೆಯಲ್ಲಿ, “ಹಳೇ ಸುದ್ದಿ ಬುಡು ಮರಿಯಣ್ಣ.” ಮೂರನೇ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸು ಟಿವಿ ಮುಂದಿನಿಂದ ಏಳದೆ, “ಮುಂದಿನ್ ಮನೆ ನೋಡಪ್ಪ” ಅಂದಳು.

ಅವನು ಮುಂದಿನ ಮನೆಯನ್ನೂ ನೋಡಿದ. ಒಂದೂ ಬಿಡಲಿಲ್ಲ. ಬೀದಿ ಮುಗಿಸಿ ನನ್ನ ಅಂಗಡಿಯ ಮುಂದೆಯೂ ಬಂದು ನಿಂತ. ನನ್ನನ್ನು ಬಿಟ್ಟು ಹೋಗಬಹುದಿತ್ತು. ನನಗಾದರೆ ಅಷ್ಟು ದೊಡ್ಡತನ ಬರುತ್ತಿರಲಿಲ್ಲ.

“ಕೋಡಿ ಬಿತ್ತು ಕಣವ್ವ.”

ಶಟರ್ ಎಳೆದೆ. ಮನೆಗೆ ಕರೆದುಕೊಂಡು ಹೋಗಿ ಎಲೆಅಡಿಕೆ ಕೊಟ್ಟು, ಅವನ ಟವೆಲ್ಲಿಗೆ ರಾಗಿ ಸುರಿದೆ. ಎರಡು ಕಂಬಳಿ, ಒಂದು ರಗ್ಗು ಹೆಗಲಿಗೆ ಹಾಕಿಕೊಂಡು ಅವನ ಹಿಂದೆ ಹೊರಟೆ. ಕೋಡಿಯ ಹತ್ತಿರ ಇದ್ದದ್ದು ಮೂವರು ಮುದುಕಿಯರು, ಎರಡು ಎಮ್ಮೆ. ಗುಳಿಯಲ್ಲಿ ಎಲೆ ಇರಲಿಲ್ಲ. ಅಂಚಿನುದ್ದಕ್ಕೂ ಕೆಂಪು ನೀರು ಒಂದೇ ಸಮನೆ ಮಡಚಿಕೊಂಡು ಬೀಳುತ್ತಿತ್ತು. ನೀರಿಗಿಳಿದು ಕಂಬಳಿ ಅದ್ದಿದೆ. ಅದು ನೀರು ಕುಡಿದು ಭಾರವಾಗಿ ಕೈಯಿಂದ ಎಳೆದುಕೊಂಡು ಹೋಗುವುದಿದೆಯಲ್ಲ, ಆ ಖುಷಿಯನ್ನು ಯಾವ ಬೀಚೂ ಕೊಡಲಾರದು. ಅಂಗೈ ಉದ್ದದ ಒಂದು ಮೀನು ಮೊಣಕಾಲಿಗೆ ಬಡಿದು ಹೋಯಿತು. ಚಿಕ್ಕ ಹುಡುಗಿಯ ಹಾಗೆ ಕಿರುಚಿದೆ, ಮುದುಕಿಯರು ನಕ್ಕರು.

“ತಪ್ಪಾಯ್ತು ಮರಿಯಣ್ಣ” ಅಂದೆ. ನೀರಿನ ಸದ್ದಿಗೆ ಇನ್ನೊಂದು ಸಲ ಜೋರಾಗಿ ಹೇಳಬೇಕಾಯಿತು.

“ಈಗ್ ತೆಗಿಯವ್ವ ಫೋನು. ಒಸಿ ನೆಟ್ಟಗೆ ಹಿಡಿ” ಅಂದ.

ತೆಗೆದೆ. ಈ ಸಲ ಅವನೇ ಮುಂದೆ ನಿಂತ. ಹಿಂದೆ ಕೋಡಿ. ಪಂಚೆ ಸರಿಮಾಡಿಕೊಂಡು, ಕ್ಯಾಮೆರಾ ನೋಡಿ, ಮನೆ ಬಾಗಿಲಲ್ಲಿ ಕೂಗುವ ಹಾಗೆಯೇ ಕೂಗಿದ: “ಕೋಡಿ ಬಿತ್ತು ಕಣ್ರವ್ವಾ!” ಒಂದೂ ಆಶ್ಚರ್ಯಸೂಚಕ ಹಾಕದೆ ಸ್ಟೇಟಸ್ ಹಾಕಿದೆ. ಕೋಡಿ ಇವತ್ತು ಬಿತ್ತು, ಮೊದಲು ಹಾಕಿದ್ದು ನನ್ನ ಸುಳ್ಳು ಅಂತಲೂ ಬರೆದೆ.

ಕಂಬಳಿಯ ಒಂದು ತುದಿ ಅವನು ಹಿಡಿದ, ಇನ್ನೊಂದು ನಾನು. ಹಿಂಡಿ ಮುಗಿಸುವಷ್ಟರಲ್ಲಿ ಫೋನ್ ಟಿಣ್ ಅಂದಿತು. ಲೋಕೇಶ: ‘ಅಕ್ಕಾ, ಹಳೇ ವಿಡಿಯೋ ಯಾಕ್ ಮತ್ತೆ ಹಾಕಿದೀಯಾ? ಡಿಲೀಟ್ ಮಾಡು, ಜನ ಕನ್‌ಫ್ಯೂಸ್ ಆಗ್ತಾರೆ.’

“ಏನಂತ ಬರ್ದವ್ರವ್ವ?” ಅಂತ ಮರಿಯಣ್ಣ ಕಂಬಳಿಯ ತುದಿ ಬಿಡದೆ, ನಗುತ್ತಾ ಕೇಳಿದ.

ನೀವೇ ಹೇಳಿ, ಏನಂತ ಓದಿ ಹೇಳಲಿ?